ಮೂರು ವಾರದ ಹಾಸಿಗೆ, ಮೂವತ್ತು ವರ್ಷದ ಓಟ

ಬೇಸಿಗೆ ರಜೆಗೆ ಊರಿಗೆ ಬಂದ ಕಾಲೇಜು ಹುಡುಗರ ಓಟದ ಬೂಟುಗಳು ಮೊದಲ ವಾರ ಚೀಲದಿಂದ ಹೊರಗೆ ಬರುವುದೇ ಅಪರೂಪ. ಹಾಸ್ಟೆಲಿನಲ್ಲಿದ್ದಾಗ ದಿನ ಬೆಳಗಾದರೆ ಮೈದಾನಕ್ಕೆ ಇಳಿಯುತ್ತಿದ್ದವರು ಊರಿನಲ್ಲಿ ಎಂಟು ಗಂಟೆಗೆ ಏಳುತ್ತಾರೆ. ಮಾವಿನಹಣ್ಣಿನ ಸೀಕರಣೆ, ನೆಂಟರ ಮನೆಯ ಮದುವೆ, ಮಧ್ಯಾಹ್ನದ ನಿದ್ದೆ ಎಂದು ಎರಡನೆಯ ವಾರವೂ ಕಳೆಯುತ್ತದೆ. ಮೂರನೆಯ ವಾರ ಯಾವುದೋ ಒಂದು ಬೆಳಿಗ್ಗೆ ಮನಸ್ಸು ಮಾಡಿ ಊರಾಚೆಯ ರಸ್ತೆಗೆ ಇಳಿದರೆ, ಕೆರೆ ಏರಿ ಮುಟ್ಟುವಷ್ಟರಲ್ಲಿ ಏದುಸಿರು. ತಿಂಗಳುಗಟ್ಟಲೆ ಬೆವರು ಸುರಿಸಿ ಗಳಿಸಿದ್ದು ಇಪ್ಪತ್ತು ದಿನದಲ್ಲಿ ಎಲ್ಲಿಗೆ ಹೋಯಿತು? ಹೋದದ್ದು ತಿರುಗಿ ಬರುತ್ತದೆಯೇ? ಬರುವುದಾದರೆ ಎಷ್ಟು ದಿನಕ್ಕೆ?

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಇದಕ್ಕೆ ಉತ್ತರ ಹುಡುಕುವ ಹಾದಿಯಲ್ಲಿ ವೈದ್ಯಶಾಸ್ತ್ರ ತನ್ನ ಒಂದು ಹಳೆಯ ನಂಬಿಕೆಯನ್ನೇ ಬಿಟ್ಟುಕೊಡಬೇಕಾಯಿತು. ಹೃದಯಾಘಾತವಾದವರನ್ನು ತಿಂಗಳುಗಟ್ಟಲೆ ಮಂಚದ ಮೇಲೆ ಮಲಗಿಸುತ್ತಿದ್ದ ಕಾಲ ಮುಗಿದದ್ದರಲ್ಲಿ ಈ ಹುಡುಕಾಟಕ್ಕೂ ಪಾಲಿದೆ. ವಿಚಿತ್ರವೆಂದರೆ, ಈ ಕಥೆಯಲ್ಲಿ ಒಬ್ಬ ಚಪ್ಪಲಿ ಕಾರ್ಖಾನೆಯ ಕೆಲಸಗಾರನಿದ್ದಾನೆ, ಮೂರು ಒಲಿಂಪಿಕ್ ಚಿನ್ನ ಗೆದ್ದ ಓಟಗಾರನಿದ್ದಾನೆ, ಮೂರು ವಾರ ಸುಮ್ಮನೆ ಮಲಗಿದ್ದೇ ಸಾಧನೆಯಾದ ಐವರು ತರುಣರೂ ಇದ್ದಾರೆ.

ಓಟ ದೇಹಕ್ಕೆ ಹಿತ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ವೈದ್ಯರಿಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಅತಿಯಾದ ಶ್ರಮದಿಂದ ಹೃದಯ ಹಿಗ್ಗಿ ಆಯುಷ್ಯ ಕುಗ್ಗುತ್ತದೆ ಎಂದು ಅವರಲ್ಲಿ ಹಲವರು ವಾದಿಸುತ್ತಿದ್ದರು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ನಡುವಿನ ದೋಣಿ ಪಂದ್ಯದಲ್ಲಿ ಹುಟ್ಟು ಹಾಕಿದ ಹುಡುಗರೆಲ್ಲ ಬೇಗ ಸಾಯುತ್ತಾರೆಂಬ ಗುಲ್ಲೆದ್ದಾಗ, ಜಾನ್ ಮಾರ್ಗನ್ ಎಂಬ ವೈದ್ಯ 1829ರಿಂದ 1869ರವರೆಗೆ ಸ್ಪರ್ಧಿಸಿದವರ ಲೆಕ್ಕ ತೆಗೆದ. ಅವರು ಇತರರಿಗಿಂತ ಎರಡು ವರ್ಷ ಹೆಚ್ಚೇ ಬದುಕುವ ಲಕ್ಷಣವಿತ್ತು! 1873ರಲ್ಲಿ ಆತ ಇದನ್ನು ಪುಸ್ತಕವಾಗಿ ಪ್ರಕಟಿಸಿದರೂ ಭಯವೇನೂ ಅಳಿಯಲಿಲ್ಲ. ವೈದ್ಯರ ಮಾತಿರಲಿ, ನಲವತ್ತು ದಾಟಿದ ಗೃಹಸ್ಥ ಬೀದಿಯಲ್ಲಿ ಓಡುವುದು ಮರ್ಯಾದೆಯ ಲಕ್ಷಣವೂ ಆಗಿರಲಿಲ್ಲ. ಓಡುವವನನ್ನು ಕಂಡರೆ ಜನ ಅವನ ಹಿಂದೆ ಯಾರಿದ್ದಾರೆಂದು ನೋಡುತ್ತಿದ್ದರು.

ಈ ಭಯದ ಇನ್ನೊಂದು ಮುಖವೇ ವಿಶ್ರಾಂತಿಯ ಮೇಲಿನ ಭಕ್ತಿ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಹೃದಯಾಘಾತವಾದ ರೋಗಿಗೆ ಆರು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಾಸಿಗೆಯೇ ಗತಿ. ಕೆಲವು ಕಡೆ ಊಟವನ್ನೂ ದಾದಿಯೇ ಮಾಡಿಸಬೇಕಿತ್ತು. 1952ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೋನ್ ಎಂಬ ವೈದ್ಯರು ಅಂಥ ರೋಗಿಗಳನ್ನು ಬೇಗನೆ ಆರಾಮ ಕುರ್ಚಿಯಲ್ಲಿ ಕೂರಿಸಲು ತೊಡಗಿದಾಗ ಅದೇ ಒಂದು ಕ್ರಾಂತಿಯಾಗಿತ್ತು. ಮಲಗುವುದರ ಬದಲು ಕೂರುವುದು, ಅಷ್ಟೆ! ಮರುವರ್ಷ ಜೆರ್ರಿ ಮಾರಿಸ್ ಲಂಡನ್ನಿನ ಬಸ್ಸುಗಳ ಅಧ್ಯಯನ ಪ್ರಕಟಿಸಿದರು. ಎರಡಂತಸ್ತಿನ ಬಸ್ಸಿನಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕೂತೇ ಕೆಲಸ ಮಾಡುವ ಡ್ರೈವರುಗಳಲ್ಲಿ ಹೃದಯರೋಗ ಹೆಚ್ಚು ಎಂದು ಅದು ತೋರಿಸಿತು. ಕೂತಿರುವುದರ ಬೆಲೆ ಏನೆಂಬುದು ಲೆಕ್ಕಕ್ಕೆ ಸಿಗತೊಡಗಿತ್ತು.

ಇದೇ ಹೊತ್ತಿಗೆ ಭೂಗೋಳದ ಇನ್ನೊಂದು ತುದಿಯಲ್ಲಿ, ವೈದ್ಯಶಾಸ್ತ್ರದ ಗಂಧವೂ ಇಲ್ಲದ ಒಬ್ಬ ಮನುಷ್ಯ ತನ್ನ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಂಡಿದ್ದ. ಆತ ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಆರ್ಥರ್ ಲಿಡಿಯಾರ್ಡ್. ಹುಟ್ಟಿದ್ದು 1917ರಲ್ಲಿ. ಕೆಲಸ ಪಾದರಕ್ಷೆ ಕಾರ್ಖಾನೆಯಲ್ಲಿ. ಸಾಲದ್ದಕ್ಕೆ ಬೆಳಗಿನ ಜಾವ ಮನೆಮನೆಗೆ ಹಾಲು ಹಾಕುವ ಕೆಲಸ. ಹರೆಯದಲ್ಲಿ ರಗ್ಬಿ ಆಡಿದವನಾದ್ದರಿಂದ ತನ್ನ ದೇಹ ಗಟ್ಟಿಯಾಗಿದೆ ಎಂದೇ ನಂಬಿದ್ದ. ಒಂದು ದಿನ ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರ ಜೊತೆ ಐದು ಮೈಲಿ ಓಡಲು ಹೋಗಿ ಅರೆಜೀವವಾದ. ಇಪ್ಪತ್ತೇಳರಲ್ಲಿ ಹೀಗಾದರೆ ನಲವತ್ತೇಳರಲ್ಲಿ ಏನು ಗತಿ ಎಂಬ ಚಿಂತೆ ಅವನಿಗೆ ಹತ್ತಿದ್ದು ಆಗ.

ಅಲ್ಲಿಂದಾಚೆ ಆತ ಮಾಡಿದ್ದು ಹುಚ್ಚಾಟವೆಂದೇ ಜನ ತಿಳಿದರು. ವಾರಕ್ಕೆ ಎಷ್ಟು ಓಡಿದರೆ ದೇಹ ಬಲಿಯುತ್ತದೆ, ಎಷ್ಟು ಓಡಿದರೆ ಬಳಲುತ್ತದೆ ಎಂದು ತಿಳಿಯಲು ವರ್ಷಗಟ್ಟಲೆ ಬೇರೆ ಬೇರೆ ದೂರ ಓಡಿ ನೋಡಿದ. ಕೊನೆಗೆ ಸಿಕ್ಕ ಸೂತ್ರ, ವಾರಕ್ಕೆ ನೂರು ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್. ಅದೂ ದಮ್ಮು ಕಟ್ಟುವಂತೆ ಅಲ್ಲ. ಉಸಿರು ಹತೋಟಿಯಲ್ಲಿಟ್ಟುಕೊಂಡು, ಹದವಾದ ವೇಗದಲ್ಲಿ. ಈ ತಳಪಾಯ ಹಾಕಲು ಹತ್ತಾರು ವಾರ, ಆಮೇಲೆ ಗುಡ್ಡ ಹತ್ತುವ ಓಟ, ಕಟ್ಟಕಡೆಗೆ ಟ್ರ್ಯಾಕಿನ ಮೇಲೆ ವೇಗದ ತರಬೇತಿ. ಮನೆ ಕಟ್ಟುವವನು ಮೊದಲು ಅಡಿಪಾಯ ಹಾಕುತ್ತಾನೆಯೇ ಹೊರತು ಹೆಂಚು ಹೊದಿಸುವುದಿಲ್ಲ ಎಂಬಷ್ಟೇ ಸರಳವಾದ ತರ್ಕ ಇದು. ಆದರೂ ಅರ್ಧ ಮೈಲಿ ಓಡುವವನಿಗೂ ಮ್ಯಾರಥಾನ್ ಓಟಗಾರನ ಅಡಿಪಾಯವೇ ಬೇಕು ಎಂದಾಗ ತಿಳಿದವರು ನಕ್ಕರು. 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸ್‌ನಲ್ಲಿ ಲಿಡಿಯಾರ್ಡ್‌ನ ಶಿಷ್ಯ ಪೀಟರ್ ಸ್ನೆಲ್ 800 ಮೀಟರ್ ಓಟವನ್ನೂ, ಅದೇ ಮಧ್ಯಾಹ್ನ ಇನ್ನೊಬ್ಬ ಶಿಷ್ಯ ಮರ್ರೆ ಹಾಲ್ಬರ್ಗ್ 5,000 ಮೀಟರ್ ಓಟವನ್ನೂ ಗೆದ್ದ ಮೇಲೆ ನಗು ನಿಂತಿತು.

ಊರಿಗೆ ಮರಳಿ ಓಟಕ್ಕೆ ಮರಳುವ ಕಲೆ ಸ್ಪಷ್ಟವಾಗಿ ಕಾಣುವುದು ಸ್ನೆಲ್‌ನ ಮುಂದಿನ ವರ್ಷದಲ್ಲಿ. ನ್ಯೂಜಿಲೆಂಡಿನ ಋತುಗಳು ಯೂರೋಪಿನದಕ್ಕೆ ತಲೆಕೆಳಗು. ಯೂರೋಪಿನ ಬೇಸಿಗೆಯ ಪಂದ್ಯಗಳನ್ನು ಮುಗಿಸಿ ಊರಿಗೆ ಬಂದರೆ ಅಲ್ಲಿ ಚಳಿ. ಡಿಸೆಂಬರ್ ಬಂದರೆ ಬೇಸಿಗೆ. 1961ರ ಜುಲೈನಲ್ಲಿ ಸ್ನೆಲ್ ಮತ್ತು ಸಂಗಡಿಗರು ಡಬ್ಲಿನ್‌ನಲ್ಲಿ ನಾಲ್ಕು ಬಾರಿ ಒಂದು ಮೈಲಿ ರಿಲೆ ಓಟದಲ್ಲಿ ವಿಶ್ವದಾಖಲೆ ಮಾಡಿ ತಾಯ್ನಾಡಿಗೆ ಮರಳಿದರು. ಒಲಿಂಪಿಕ್ ಚಾಂಪಿಯನ್ ಎನಿಸಿಕೊಂಡವನು ಊರಿನ ಹಾರ ತುರಾಯಿಗಳಲ್ಲಿ ತಿಂಗಳುಗಳನ್ನು ಕಳೆಯಬಹುದಿತ್ತು. ಇಲ್ಲವೇ ಬಂದ ಮರುದಿನವೇ ಗಡಿಯಾರ ಹಿಡಿದು ತನ್ನ ಹಳೆಯ ವೇಗವನ್ನು ಹುಡುಕಬಹುದಿತ್ತು. ಮರಳಿ ಓಡತೊಡಗುವ ಹೆಚ್ಚಿನವರು ಎಡವುವುದು ಈ ಎರಡರಲ್ಲೊಂದು ಕಡೆ. ಸ್ನೆಲ್ ಎರಡನ್ನೂ ಮಾಡಲಿಲ್ಲ. ಮತ್ತೆ ಅಡಿಪಾಯಕ್ಕೇ ಇಳಿದ. ಆಕ್ಲೆಂಡಿನ ಪಶ್ಚಿಮಕ್ಕಿರುವ ವೈಟಾಕೆರೆ ಬೆಟ್ಟಸಾಲಿನಲ್ಲಿ 22 ಮೈಲಿಯ ಏರಿಳಿತದ ಹಾದಿಯೊಂದಿದೆ. ಲಿಡಿಯಾರ್ಡ್‌ನ ಹುಡುಗರಿಗೆ ಭಾನುವಾರವೆಂದರೆ ಅದೇ. ಸಂತೆಗೆ ಹೋಗಿ ಬರುವವರ ಹಾಗೆ ಮಾತಾಡುತ್ತ ಓಡುವುದು ಅಲ್ಲಿನ ವಾಡಿಕೆ.

ಡಿಸೆಂಬರ್ ಆರಂಭದಲ್ಲಿ ಸ್ನೆಲ್ ಒಂದು ಇಡೀ ಮ್ಯಾರಥಾನ್ ಓಡಿದ. ಎರಡು ಗಂಟೆ 41 ನಿಮಿಷ, ಮೆಚ್ಚುವಂಥದ್ದೇನಲ್ಲ. ಸುಮಾರು ಎಂಟು ವಾರದ ನಂತರ, 1962ರ ಜನವರಿ 27ರಂದು ವಾಂಗನೂಯಿ ಎಂಬ ಸಣ್ಣ ಊರಿನ ಹುಲ್ಲಿನ ಮೈದಾನದಲ್ಲಿ ಒಂದು ಮೈಲಿಯನ್ನು 3 ನಿಮಿಷ 54.4 ಸೆಕೆಂಡಿನಲ್ಲಿ ಓಡಿ ಹರ್ಬ್ ಎಲಿಯಟ್‌ನ ವಿಶ್ವದಾಖಲೆಯನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಮುರಿದ. ಮತ್ತೊಂದು ವಾರಕ್ಕೆ, ಫೆಬ್ರವರಿ 3ರಂದು, ಕ್ರೈಸ್ಟ್‌ಚರ್ಚ್‌ನಲ್ಲಿ, ಅದೂ ಹುಲ್ಲಿನ ಮೇಲೆಯೇ, 800 ಮೀಟರನ್ನು 1 ನಿಮಿಷ 44.3 ಸೆಕೆಂಡಿನಲ್ಲಿ ಮುಗಿಸಿದ. ಹಿಂದಿನ ದಾಖಲೆಗಿಂತ ಇದು 1.4 ಸೆಕೆಂಡ್ ಕಡಿಮೆ. ಈ ದೂರದಲ್ಲಿ ಇಷ್ಟೊಂದು ಒಮ್ಮೆಗೇ ಇಳಿಯುವುದು ಅಪರೂಪದಲ್ಲಿ ಅಪರೂಪ. ಅದೇ ಓಟದಲ್ಲಿ ಮುಂದಿನ ಕೆಲವು ಮೀಟರ್ ಓಡಿ ಅರ್ಧ ಮೈಲಿಯ ದಾಖಲೆಯನ್ನೂ ಮುರಿದ. ಅಂದಿನ 1:44.3 ನ್ಯೂಜಿಲೆಂಡಿನ ರಾಷ್ಟ್ರೀಯ ದಾಖಲೆಯಾಗಿ ಆರು ದಶಕಕ್ಕೂ ಹೆಚ್ಚು ಕಾಲ ಉಳಿಯಿತು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 800 ಮತ್ತು 1,500 ಮೀಟರ್ ಎರಡರಲ್ಲೂ ಚಿನ್ನ ಅವನದೇ. (ಕೋಲಾರದಲ್ಲಿ ಹುಟ್ಟಿ ಬೆಂಗಳೂರಿನ ಓಟಗಾರನೆಂದು ಹೆಸರಾದ ಕೆನೆತ್ ಪೊವೆಲ್ ಭಾರತಕ್ಕಾಗಿ ಓಡಿದ್ದು ಇದೇ ಟೋಕಿಯೋ ಕೂಟದಲ್ಲಿ.)

ಲಿಡಿಯಾರ್ಡ್‌ನ ವಿದ್ಯೆ ಚಾಂಪಿಯನ್ನರಲ್ಲೇ ನಿಂತಿದ್ದರೆ ಕ್ರೀಡಾಪುಟಗಳಲ್ಲೇ ಉಳಿದುಬಿಡುತ್ತಿತ್ತು. ಆತ ಹೊಟ್ಟೆ ಬೆಳೆದ ವ್ಯಾಪಾರಿಗಳನ್ನೂ, ಹೃದಯಾಘಾತದಿಂದ ಚೇತರಿಸಿಕೊಂಡವರನ್ನೂ ಮೆಲ್ಲಗೆ ಓಡಿಸತೊಡಗಿದ. 1962ರ ಹೊತ್ತಿಗೆ ಆಕ್ಲೆಂಡಿನಲ್ಲಿ ಇಂಥವರದೇ ಒಂದು ಜಾಗಿಂಗ್ ಕ್ಲಬ್ ಹುಟ್ಟಿಕೊಂಡಿತು. ಮೈ ಪಳಗಿಸು, ಮೈ ಮುರಿದುಕೊಳ್ಳಬೇಡ ಎಂಬುದು ಅವರ ಮಂತ್ರ. ಪಕ್ಕದವನೊಡನೆ ಮಾತಾಡಲಾಗದಷ್ಟು ಉಸಿರು ಸಿಕ್ಕಿಕೊಂಡರೆ ವೇಗ ಹೆಚ್ಚಾಯಿತೆಂದು ಅರ್ಥ. ಯಾವ ಉಪಕರಣವೂ ಬೇಡದ ಈ ಅಳತೆಗೋಲನ್ನು ವೈದ್ಯರು ಇಂದಿಗೂ ಬಳಸುತ್ತಾರೆ.

ಆ ವರ್ಷ ಡಿಸೆಂಬರಿನಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬೋವರ್‌ಮನ್ ತನ್ನ ತಂಡದೊಡನೆ ನ್ಯೂಜಿಲೆಂಡಿಗೆ ಬಂದ. ಡಬ್ಲಿನ್‌ನ ಆ ರಿಲೆ ದಾಖಲೆಯನ್ನು ಮುರಿದಿದ್ದ ತಂಡ ಅದು. ವಯಸ್ಸು ಐವತ್ತೊಂದು, ಹುಡುಗರನ್ನು ಓಡಿಸುವುದೇ ವೃತ್ತಿಯಾದರೂ ತಾನು ಓಡಿ ವರ್ಷಗಳಾಗಿದ್ದವು. ಒಂದು ಭಾನುವಾರ ಲಿಡಿಯಾರ್ಡ್‌ನ ಬಳಗದ ಜೊತೆ ಹೊರಟ ಬೋವರ್‌ಮನ್ ಅರ್ಧ ಮೈಲಿಗೇ ಸುಸ್ತಾದ. ಎಪ್ಪತ್ತು ದಾಟಿದ, ಒಂದಕ್ಕಿಂತ ಹೆಚ್ಚು ಸಲ ಹೃದಯಾಘಾತವಾಗಿದ್ದ ವೃದ್ಧರೊಬ್ಬರು ಕನಿಕರದಿಂದ ಹಿಂದೆ ಉಳಿದು ಅವನಿಗೆ ಜೊತೆ ಕೊಟ್ಟರು. ಕೋಚ್ ಆದವನಿಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಬೇಕೆ? ಅಲ್ಲಿದ್ದ ಆರು ವಾರವೂ ಬಿಡದೆ ಓಡಿ, ಹೊಟ್ಟೆ ಕರಗಿಸಿಕೊಂಡು ಊರಿಗೆ ಬಂದ ಆತ, 1963ರಲ್ಲಿ ತನ್ನ ಊರು ಯೂಜೀನ್‌ನಲ್ಲಿ ಸಾರ್ವಜನಿಕರಿಗೆ ಓಟದ ಪಾಠ ಆರಂಭಿಸಿದ. ಬಂದವರ ಸಂಖ್ಯೆ ಕಂಡು ಅವನೇ ಗಾಬರಿಯಾಗಿ, ಯಾರಾದರೂ ಕುಸಿದುಬಿದ್ದಾರೆಂದು ಹೆದರಿ, ವಾಲ್ಡೊ ಹ್ಯಾರಿಸ್ ಎಂಬ ಹೃದ್ರೋಗ ತಜ್ಞರನ್ನು ಜೊತೆಗೂಡಿಸಿಕೊಂಡ. ಇಬ್ಬರೂ ಸೇರಿ ಬರೆದ ಜಾಗಿಂಗ್ ಪುಸ್ತಕ 1967ರಲ್ಲಿ ಹೊರಬಂದು ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಬೀದಿಯಲ್ಲಿ ಓಡುವ ಗೃಹಸ್ಥನನ್ನು ಜಗತ್ತು ಒಪ್ಪಿಕೊಂಡದ್ದು ಹೀಗೆ. ಬೋವರ್‌ಮನ್ ಮುಂದೆ ನೈಕಿ ಕಂಪನಿಯ ಸ್ಥಾಪಕರಲ್ಲೊಬ್ಬನಾದದ್ದು ಬೇರೆಯೇ ಕಥೆ.

ಇಷ್ಟೆಲ್ಲ ಆದರೂ ಓಟ ಬಿಟ್ಟಾಗ ದೇಹದೊಳಗೆ ಏನಾಗುತ್ತದೆಂಬುದು ಯಾರಿಗೂ ನಿಖರವಾಗಿ ಗೊತ್ತಿರಲಿಲ್ಲ. ಅಳೆಯುವ ವಿದ್ಯೆಯೇನೋ ಇತ್ತು. ದೇಹ ಗರಿಷ್ಠ ಶ್ರಮದಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಆಮ್ಲಜನಕ ಬಳಸಬಲ್ಲದು ಎಂಬುದೇ ಆ ಅಳತೆ. ಇಂಗ್ಲೆಂಡಿನ ನೊಬೆಲ್ ವಿಜ್ಞಾನಿ ಎ. ವಿ. ಹಿಲ್ 1920ರ ದಶಕದಲ್ಲಿ, ಬಿಟ್ಟ ಉಸಿರನ್ನು ಚೀಲದಲ್ಲಿ ಹಿಡಿಯುತ್ತ ಹುಲ್ಲುಹಾಸಿನ ಮೇಲೆ ತಾನೇ ಓಡಿ ಇದಕ್ಕೆ ತಳಹದಿ ಹಾಕಿದ್ದ. ಕೊರತೆಯಿದ್ದದ್ದು ಒಂದು ದಿಟ್ಟ ಪ್ರಯೋಗದ್ದು.

ಅದು ನಡೆದದ್ದು 1966ರ ಬೇಸಿಗೆಯಲ್ಲಿ, ಅಮೆರಿಕದ ಡಲ್ಲಾಸ್ ನಗರದ ವೈದ್ಯಕೀಯ ಕಾಲೇಜಿನಲ್ಲಿ. ಸ್ವೀಡನ್ನಿನಿಂದ ಬಂದಿದ್ದ ಬೆಂಗ್ಟ್ ಸಾಲ್ಟಿನ್, ಜೊತೆಗೆ ಗುನ್ನಾರ್ ಬ್ಲೊಮ್‌ಕ್ವಿಸ್ಟ್, ಜೆರೆ ಮಿಚೆಲ್ ಮೊದಲಾದವರು ಇಪ್ಪತ್ತು ವರ್ಷದ ಐವರು ಆರೋಗ್ಯವಂತ ತರುಣರನ್ನು ಆರಿಸಿದರು. ಇಬ್ಬರು ವ್ಯಾಯಾಮದ ಅಭ್ಯಾಸವಿದ್ದವರು, ಮೂವರು ಇಲ್ಲದವರು. ಐವರನ್ನೂ ಮೂರು ವಾರ ಹಾಸಿಗೆಯಲ್ಲಿ ಮಲಗಿಸಲಾಯಿತು. ಆಮೇಲೆ ಎಂಟು ವಾರ ಬಿರುಸಿನ ಓಟದ ತರಬೇತಿ.

ಮಲಗುವ ಮುನ್ನ ಅವರ ಸರಾಸರಿ ಸಾಮರ್ಥ್ಯ ನಿಮಿಷಕ್ಕೆ 3.3 ಲೀಟರ್ ಆಮ್ಲಜನಕ. ಮೂರು ವಾರದ ನಂತರ ಎದ್ದಾಗ 2.4. ಕಾಲು ಭಾಗಕ್ಕಿಂತ ಹೆಚ್ಚು ಮಾಯ! ಹೃದಯದ ಗಾತ್ರವೇ ಕುಗ್ಗಿತ್ತು, ಅದು ಪಂಪು ಮಾಡುವ ರಕ್ತದ ಪ್ರಮಾಣವೂ ಕಾಲು ಭಾಗ ಇಳಿದಿತ್ತು. ತರಬೇತಿಯ ಕೊನೆಗೆ ಅದೇ ಅಂಕಿ 3.9ಕ್ಕೆ, ಅಂದರೆ ಮೊದಲಿಗಿಂತಲೂ ಮೇಲಕ್ಕೆ ಏರಿತು. ಇನ್ನೊಂದು ಕುತೂಹಲದ ಸಂಗತಿಯಿದೆ. ವ್ಯಾಯಾಮದ ಅಭ್ಯಾಸವಿಲ್ಲದ ಮೂವರು ತಮ್ಮ ಹಳೆಯ ಮಟ್ಟಕ್ಕೆ ಎರಡು ವಾರದ ಆಸುಪಾಸಿನಲ್ಲಿ ಮರಳಿದರೆ, ಅಭ್ಯಾಸವಿದ್ದ ಇಬ್ಬರಿಗೆ ಒಂದು ತಿಂಗಳು, ಅದಕ್ಕಿಂತಲೂ ಹೆಚ್ಚು ಬೇಕಾಯಿತು. ಹೆಚ್ಚು ಗಳಿಸಿದವನು ಹೆಚ್ಚು ಕಳೆದುಕೊಳ್ಳುತ್ತಾನೆ. ರಜೆಯ ನಂತರ ಒಳ್ಳೆಯ ಓಟಗಾರನೇ ಹೆಚ್ಚು ಹತಾಶನಾಗುವುದಕ್ಕೆ ಇದೊಂದು ಕಾರಣವಿರಬಹುದು.

1968ರಲ್ಲಿ ಪ್ರಕಟವಾದ ಈ ವರದಿಯನ್ನು ಹೃದ್ರೋಗ ತಜ್ಞರು ಬೇರೆಯೇ ಕಣ್ಣಿನಿಂದ ಓದಿದರು. ಗಟ್ಟಿಮುಟ್ಟಾದ ಇಪ್ಪತ್ತರ ಹುಡುಗನನ್ನೇ ಮೂರು ವಾರದ ಹಾಸಿಗೆ ಹೀಗೆ ಮಾಡುವುದಾದರೆ, ಅರವತ್ತರ ರೋಗಿಯ ಪಾಡೇನು? ಕಾಯಿಲೆ ಮಾಡಿದ ಹಾನಿಯೆಷ್ಟು, ಚಿಕಿತ್ಸೆ ಮಾಡಿದ ಹಾನಿಯೆಷ್ಟು? ಇಂದು ಹೃದಯಾಘಾತವಾದವರನ್ನು ಕೆಲವೇ ದಿನಗಳಲ್ಲಿ ಆಸ್ಪತ್ರೆಯ ಮೊಗಸಾಲೆಯಲ್ಲಿ ನಡೆದಾಡಿಸುವ ಪದ್ಧತಿಗೆ ಬಲ ಕೊಟ್ಟ ಅಧ್ಯಯನಗಳಲ್ಲಿ ಇದೂ ಒಂದು. ಐವರೇ ಜನ, ಅದರಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅಷ್ಟು ಕೂಲಂಕಷವಾಗಿ ಅಳೆಯಲ್ಪಟ್ಟ ಐವರು ಮತ್ತೆಲ್ಲೂ ಸಿಗುವುದಿಲ್ಲ.

ಮಂಚ ಹಿಡಿಯುವುದು ಬೇರೆ, ರಜೆಯಲ್ಲಿ ಓಟ ಬಿಡುವುದು ಬೇರೆ. ಎರಡನೆಯದರ ಲೆಕ್ಕ 1984ರಲ್ಲಿ ಸಿಕ್ಕಿತು. ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು ಚೆನ್ನಾಗಿ ಪಳಗಿದ ಏಳು ಮಂದಿಯ ವ್ಯಾಯಾಮ ನಿಲ್ಲಿಸಿ ನೋಡಿದರು. ಮೊದಲ ಎರಡು ಮೂರು ವಾರದಲ್ಲಿ ಸಾಮರ್ಥ್ಯ ಶೇ. 7ರಷ್ಟು ಕುಸಿಯಿತು, ಎಂಟು ವಾರದ ಹೊತ್ತಿಗೆ ಶೇ. 16ರಷ್ಟು ಇಳಿದು ಅಲ್ಲಿಗೆ ನಿಂತಿತು. ಮೊದಲು ಕಡಿಮೆಯಾಗುವುದು ಸ್ನಾಯುವಲ್ಲ, ರಕ್ತದ ದ್ರವಭಾಗ. ರಕ್ತ ಕಡಿಮೆಯಾದರೆ ಪ್ರತಿ ಬಡಿತಕ್ಕೂ ಹೃದಯ ನೂಕುವ ಪ್ರಮಾಣ ಕಡಿಮೆ. ಆದ್ದರಿಂದ ಅದೇ ಕೆರೆ ಏರಿಗೆ ಈಗ ಹೆಚ್ಚು ಬಡಿತ ಬೇಕು. ಸ್ನಾಯುಗಳೊಳಗೆ ಆಮ್ಲಜನಕ ಉರಿಸುವ ಕಿಣ್ವಗಳು ನಿಧಾನವಾಗಿ ಇಳಿಯುತ್ತವೆ. ಆದರೆ ವರ್ಷಗಳ ಓಟದಿಂದ ಸ್ನಾಯುವಿನ ತುಂಬ ಹಬ್ಬಿದ ಲೋಮನಾಳಗಳು ಅಷ್ಟು ಬೇಗ ಅಳಿಯಲಿಲ್ಲವೆಂಬುದು ಕಾಯ್ಲ್ ಕಂಡ ಸಮಾಧಾನದ ವಿಷಯ. ನೀರು ಇಂಗಿದೆ, ಕಾಲುವೆ ಹೂಳಿಲ್ಲ.

ನೀರು ಬೇಗನೆ ತುಂಬಿಕೊಳ್ಳುತ್ತದೆ. ತೊಂದರೆ ಇರುವುದೂ ಅಲ್ಲಿಯೇ. ಒಂದೆರಡು ವಾರದಲ್ಲಿ ಉಸಿರು ಸರಾಗವಾದ ಕೂಡಲೇ ಓಟಗಾರ ತಾನು ಮೊದಲಿನಂತಾದೆ ಎಂದು ಭಾವಿಸುತ್ತಾನೆ. ಆದರೆ ಮೂಳೆ ಮತ್ತು ಸ್ನಾಯುರಜ್ಜುಗಳು ಭಾರಕ್ಕೆ ಒಗ್ಗಿಕೊಳ್ಳುವುದು ತಿಂಗಳುಗಳ ಲೆಕ್ಕದಲ್ಲಿ. ಹೃದಯ ಹೋಗು ಎನ್ನುವಾಗ ಮೊಣಕಾಲ ಕೆಳಗಿನ ಮೂಳೆ ಬೇಡ ಎನ್ನುತ್ತಿರುತ್ತದೆ, ಕೇಳುವವರಿಲ್ಲ. ನಮ್ಮ ಗರಡಿಮನೆಗಳ ಉಸ್ತಾದರಿಗೆ ಈ ವಿವೇಕ ಹೊಸದಲ್ಲ. ಬಹಳ ದಿನ ಬಿಟ್ಟು ಬಂದ ಪೈಲ್ವಾನನನ್ನು ಅವರು ಮೊದಲ ದಿನವೇ ಜೋಡಿಗೆ ಇಳಿಸುವುದಿಲ್ಲ; ದಂಡ, ಬಸ್ಕಿಗಳನ್ನು ಕಡಿಮೆ ಎಣಿಕೆಯಿಂದ ಹೊಸದಾಗಿ ಆರಂಭಿಸುತ್ತಾರೆ.

ರಾಯಚೂರು, ಕಲಬುರಗಿ ಕಡೆಯ ಹುಡುಗ ಬೇಸಿಗೆಗೆ ಊರಿಗೆ ಬಂದರೆ ಇನ್ನೊಂದು ಲೆಕ್ಕವೂ ಸೇರುತ್ತದೆ. ಬೆಂಗಳೂರಿನ ತಂಪಿನಲ್ಲಿ ಓಡಿದ ದೇಹ ನಲವತ್ತು ಡಿಗ್ರಿಯ ಊರಿನಲ್ಲಿ ಬೆವರುವುದನ್ನೇ ಹೊಸದಾಗಿ ಕಲಿಯಬೇಕು. ಸೆಕೆಗೆ ದೇಹ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕೆಂಬುದು ಆಳವಾದ ಗಣಿಗಳ ಕಾರ್ಮಿಕರಿಂದ, ಸೈನಿಕರಿಂದ ತಿಳಿದುಬಂದದ್ದು. ಆ ಅವಧಿಯಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಬರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಸೂರ್ಯ ಏಳುವ ಮುನ್ನ ಎದ್ದವನೇ ಜಾಣ.

ಇನ್ನು ಪೀಟರ್ ಸ್ನೆಲ್. 1965ರಲ್ಲಿ ಸ್ಪರ್ಧೆಯಿಂದ ನಿವೃತ್ತನಾದ ಆತ ಒಂದು ತಂಬಾಕು ಕಂಪನಿಯ ಕ್ರೀಡಾ ಪ್ರಚಾರದ ಕೆಲಸದಲ್ಲಿದ್ದ. ಲಿಡಿಯಾರ್ಡ್‌ನ ಸೂತ್ರ ತನ್ನ ಮೈಯಲ್ಲಿ ಏನು ಮಾಡಿತೆಂಬ ಪ್ರಶ್ನೆ ಅವನನ್ನು ಬಿಡಲಿಲ್ಲವೆಂದು ತೋರುತ್ತದೆ. ಮೂವತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋಗಿ, ಹುಡುಗರ ಜೊತೆ ಬೆಂಚಿನಲ್ಲಿ ಕೂತು ಪದವಿ ಪಡೆದು, ವ್ಯಾಯಾಮ ಶರೀರಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ. 1981ರಲ್ಲಿ ಸಂಶೋಧಕನಾಗಿ ಸೇರಿದ್ದು ಎಲ್ಲಿಗೆ? ಐವರು ತರುಣರು ಮಲಗಿದ್ದ ಡಲ್ಲಾಸ್‌ನ ಅದೇ ವೈದ್ಯಕೀಯ ಸಂಸ್ಥೆಗೆ.

1996ರಲ್ಲಿ ಆ ಐವರನ್ನೂ ಮತ್ತೆ ಕರೆಸಲಾಯಿತು. ಎಲ್ಲರಿಗೂ ಈಗ ಐವತ್ತು. ಸರಾಸರಿ ತೂಕ 77 ಕಿಲೋದಿಂದ 100 ಕಿಲೋಗೆ ಏರಿತ್ತು, ಮೈಯ ಕೊಬ್ಬಿನ ಪಾಲು ಇಮ್ಮಡಿಯಾಗಿತ್ತು. ಆಮ್ಲಜನಕದ ಸಾಮರ್ಥ್ಯ 3.3ರಿಂದ 2.9ಕ್ಕೆ ಇಳಿದಿತ್ತು. ಅಂದರೆ ಮೂವತ್ತು ವರ್ಷಗಳ ಬದುಕು, ನೌಕರಿ, ಸಂಸಾರ, ಬೊಜ್ಜು ಎಲ್ಲ ಸೇರಿ ಮಾಡಿದ ಹಾನಿಗಿಂತ ಇಪ್ಪತ್ತರಲ್ಲಿ ಮೂರು ವಾರದ ಹಾಸಿಗೆ ಮಾಡಿದ ಹಾನಿಯೇ ದೊಡ್ಡದಾಗಿತ್ತು! ಈ ಸಲ ಬಿರುಸಿನ ತರಬೇತಿಯಿಲ್ಲ. ನಡಿಗೆ, ನಿಧಾನದ ಓಟ, ಸೈಕಲ್. ಕ್ರಮೇಣ ಹೆಚ್ಚಿಸುತ್ತ ಆರು ತಿಂಗಳು. ಕೊನೆಗೆ ಅಳೆದರೆ 1966ರಲ್ಲಿ ಮಲಗುವ ಮುನ್ನ ಇದ್ದ ಮಟ್ಟಕ್ಕೇ ಬಂದು ನಿಂತಿದ್ದರು. ವಯಸ್ಸು ಕಸಿದುಕೊಂಡದ್ದೆಲ್ಲ ವಾಪಸು ಬಂದಿತ್ತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅಂದು ಎಂಟು ವಾರದ ಓಟದ ನಂತರ ಮುಟ್ಟಿದ್ದ 3.9ರ ಶಿಖರವನ್ನು ಐವರಲ್ಲಿ ಯಾರೂ ಮತ್ತೆ ಮುಟ್ಟಲಿಲ್ಲ. ಐವತ್ತರ ಹೃದಯ ಹೆಚ್ಚು ರಕ್ತ ಪಂಪು ಮಾಡಲು ಕಲಿಯಲಿಲ್ಲ. ಬಂದ ರಕ್ತದಿಂದ ಹೆಚ್ಚು ಆಮ್ಲಜನಕ ಹೀರಿಕೊಳ್ಳಲು ಸ್ನಾಯುಗಳು ಕಲಿತವು. ಹೀಗಾಗಿ ಮರಳಿ ಬಂದದ್ದು ಸಾಮರ್ಥ್ಯವೇ ಹೊರತು ಯೌವನವಲ್ಲ. ಮುಂದೆ ಹತ್ತು ವರ್ಷಕ್ಕೆ, ಅರವತ್ತರ ಹೊಸ್ತಿಲಲ್ಲಿ, ಅವರನ್ನು ಮತ್ತೆ ಅಳೆದಾಗ ಕುಸಿತ ಶೇ. 27ಕ್ಕೆ ಮುಟ್ಟಿತ್ತು. ಹಾಸಿಗೆ ಮೂರು ವಾರದಲ್ಲಿ ಮಾಡಿದ್ದಕ್ಕೆ ಕಾಲ ನಲವತ್ತು ವರ್ಷ ತೆಗೆದುಕೊಂಡಿತ್ತು.

ಮೂವತ್ತು ವರ್ಷದ ವರದಿ 2001ರಲ್ಲಿ ಅಮೆರಿಕದ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟವಾಯಿತು. ಬರೆದವರ ಪಟ್ಟಿಯಲ್ಲಿ ಸಾಲ್ಟಿನ್, ಬ್ಲೊಮ್‌ಕ್ವಿಸ್ಟ್, ಮಿಚೆಲ್ ಹೆಸರುಗಳ ಜೊತೆಗೆ ಪಿ. ಜಿ. ಸ್ನೆಲ್ ಎಂಬ ಹೆಸರೂ ಇದೆ. ಓದಿದ ಎಷ್ಟು ವೈದ್ಯರಿಗೆ ಅದು ವಾಂಗನೂಯಿಯ ಹುಲ್ಲಿನ ಮೇಲೆ ಓಡಿದ ಹುಡುಗನದೆಂದು ಹೊಳೆಯಿತೋ! ಅಷ್ಟರಲ್ಲಿ ಅರವತ್ತು ದಾಟಿದ್ದ ಸ್ನೆಲ್ ನಕ್ಷೆ ಮತ್ತು ದಿಕ್ಸೂಚಿ ಹಿಡಿದು ಕಾಡಿನಲ್ಲಿ ದಾರಿ ಹುಡುಕುತ್ತ ಓಡುವ ಓರಿಯಂಟಿಯರಿಂಗ್ ಕ್ರೀಡೆಗೆ ಇಳಿದಿದ್ದ. 2003ರಲ್ಲಿ ಅರವತ್ತೈದು ಮೀರಿದವರ ವಿಭಾಗದಲ್ಲಿ ಅಮೆರಿಕದ ಚಾಂಪಿಯನ್ ಆದ. 2017ರಲ್ಲಿ ಹಿರಿಯರ ವಿಶ್ವ ಕ್ರೀಡಾಕೂಟಕ್ಕೆಂದು ಆಕ್ಲೆಂಡಿಗೆ ಬಂದಾಗ ಅವನ ಕೈಯಲ್ಲಿದ್ದದ್ದು ಟೇಬಲ್ ಟೆನಿಸ್ ಬ್ಯಾಟು, ವಯಸ್ಸು ಎಪ್ಪತ್ತೆಂಟು.